ಮನೆಯ ಈಜುಕೊಳ: ನೀರು ಬದಲಿಸದೆ, ಕಡಿಮೆ ಖರ್ಚಿನಲ್ಲಿ ತಿಳಿಯಾಗಿ ಇಟ್ಟುಕೊಳ್ಳುವುದು ಹೇಗೆ?

"ಪೂಲ್ ಕಟ್ಟಿಸಿದ್ದಾಯ್ತು, ಈಗ ನೀರು ಹಸಿರಾಗ್ತಿದೆ. ಎಷ್ಟು ದಿನಕ್ಕೊಮ್ಮೆ ನೀರು ಬದಲಿಸಬೇಕು?" ಬೇಸಿಗೆ ಶುರುವಾದರೆ ಸಾಕು, ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಸಕಲೇಶಪುರದ ಕಡೆ ಹೋಂಸ್ಟೇ ನಡೆಸುವವರು, ಕನಕಪುರ ರಸ್ತೆಯ ತೋಟದ ಮನೆಯವರು, ಮಕ್ಕಳಿಗೆಂದು ಹಿತ್ತಲಲ್ಲಿ ಸಣ್ಣ ಕೊಳ ಮಾಡಿಸಿದ ಮಂಗಳೂರಿನವರು, ಎಲ್ಲರೂ ಕೇಳುವುದು ಇದನ್ನೇ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನೀರು ಬದಲಿಸಬೇಡಿ. ಸರಿಯಾಗಿ ನೋಡಿಕೊಂಡರೆ ಅದೇ ನೀರು ವರ್ಷಗಟ್ಟಲೆ ಬರುತ್ತದೆ. ಪೂಲಿನಲ್ಲಿ ದುಡ್ಡು ಹೋಗುವುದು ಔಷಧಿಗಲ್ಲ, ಕೆಟ್ಟ ನೀರನ್ನು ಚೆಲ್ಲಿ ಹೊಸ ನೀರು ತುಂಬಿಸುವುದಕ್ಕೆ. ಒಂದು ಸಾಧಾರಣ ಕೊಳಕ್ಕೆ 6,000 ಲೀಟರಿನ ಟ್ಯಾಂಕರ್ ನಾಲ್ಕು ಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ, ಕುಡಿಯುವ ನೀರನ್ನು ಈಜುಕೊಳಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಬೋರ್‌ವೆಲ್ ಇದ್ದವರಿಗೂ ಏಪ್ರಿಲ್, ಮೇ ತಿಂಗಳಲ್ಲಿ ಅಷ್ಟು ನೀರು ಎತ್ತುವುದು ಸುಲಭವಲ್ಲ ಅಲ್ವಾ?

ದಿನಕ್ಕೆ ಹದಿನೈದು ನಿಮಿಷ ಕೊಟ್ಟರೆ ಇದೆಲ್ಲ ತಪ್ಪುತ್ತದೆ. ಹೇಗೆ ಅಂತ ಒಂದೊಂದಾಗಿ ನೋಡೋಣ.

ಏನೇನು ಬೇಕು

ಉದ್ದ ಹಿಡಿಯ ಬಲೆ, ಒಂದು ಬ್ರಷ್, ನೀರಿನ ಪರೀಕ್ಷೆಯ ಕಿಟ್, ಎರಡು ಪ್ಲಾಸ್ಟಿಕ್ ಬಕೆಟ್, ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ. ಬ್ರಷ್ ಕೊಳ್ಳುವಾಗ ನೋಡಿಕೊಳ್ಳಿ. ಫೈಬರ್ ಕೊಳಕ್ಕೆ ಅಥವಾ ಲೈನರ್, ಅಂದರೆ ಪ್ಲಾಸ್ಟಿಕ್ ಹೊದಿಕೆ, ಹಾಕಿದ ಕೊಳಕ್ಕೆ ನೈಲಾನ್ ಬ್ರಷ್ ಮಾತ್ರ. ತಂತಿಯ ಬ್ರಷ್ ಬರಿ ಸಿಮೆಂಟ್ ಗೋಡೆಗೆ ಆದೀತು, ಬೇರೆ ಕಡೆ ಗೀರು ಬೀಳುತ್ತದೆ.

ಪರೀಕ್ಷೆಯ ಕಿಟ್ ಇಲ್ಲದೆ ಮುಂದಕ್ಕೆ ಹೋಗಲೇಬೇಡಿ. ಸಣ್ಣ ಕೊಳವೆಗೆ ನೀರು ತುಂಬಿ ಹನಿ ಔಷಧಿ ಬಿಟ್ಟು ಬಣ್ಣ ನೋಡುವ ಸಾದಾ ಕಿಟ್ ಸಾಕು. ಗ್ರಾಮ ಪಂಚಾಯಿತಿಯ ವಾಟರ್‌ಮನ್ ಹತ್ತಿರ ಕ್ಲೋರೋಸ್ಕೋಪ್ ಅಂತ ಒಂದು ಪುಟ್ಟ ಡಬ್ಬಿ ನೋಡಿರಬಹುದು, ಅದೇ ಜಾತಿಯದು. ಈ ಕಿಟ್ ಕೊಳ್ಳಲು ಹಿಂದೆಮುಂದೆ ನೋಡಿದವರು ಅದರ ಹತ್ತು ಪಟ್ಟು ದುಡ್ಡನ್ನು ಅಂದಾಜಿನಲ್ಲಿ ಸುರಿದ ಔಷಧಿಗೆ ಕಳೆದುಕೊಳ್ಳುತ್ತಾರೆ.

ಹಂತ 1: ಕೊಳದಲ್ಲಿ ಎಷ್ಟು ಲೀಟರ್ ನೀರಿದೆ ಎಂದು ಲೆಕ್ಕ ಹಾಕಿ

ಉದ್ದ, ಅಗಲ, ಸರಾಸರಿ ಆಳ, ಮೂರನ್ನೂ ಅಡಿಯಲ್ಲಿ ಅಳೆದು ಗುಣಿಸಿ. ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್. ನಮ್ಮ ಕೊಳ 20 ಅಡಿ ಉದ್ದ, 10 ಅಡಿ ಅಗಲ. ಒಂದು ತುದಿ 3 ಅಡಿ, ಇನ್ನೊಂದು ತುದಿ 5 ಅಡಿ, ಸರಾಸರಿ 4. ಅಂದರೆ 800 ಘನ ಅಡಿ, ಸುಮಾರು 22,600 ಲೀಟರ್. ಲೆಕ್ಕಕ್ಕೆ ಸುಲಭವಾಗಲಿ ಎಂದು 22,000 ಎಂದಿಟ್ಟುಕೊಳ್ಳೋಣ. ಮುಂದಿನ ಅಳತೆಗಳೆಲ್ಲ ಈ 22,000 ಲೀಟರಿಗೆ. ನಿಮ್ಮದು ಅರ್ಧ ಇದ್ದರೆ ಅರ್ಧ, ದುಪ್ಪಟ್ಟು ಇದ್ದರೆ ದುಪ್ಪಟ್ಟು. ಈ ಸಂಖ್ಯೆಯನ್ನು ಪಂಪ್ ಇರುವ ಗೋಡೆ ಮೇಲೆ ಬರೆದಿಡಿ.

ಇಲ್ಲೇ ಪಿಪಿಎಂ ಅನ್ನುವ ಮಾತನ್ನೂ ತಿಳಿದುಕೊಳ್ಳಿ. ಸಾವಿರ ಲೀಟರ್ ನೀರಿನಲ್ಲಿ ಒಂದು ಗ್ರಾಂ ಇದ್ದರೆ ಅದು 1 ಪಿಪಿಎಂ. ಅಷ್ಟೇ.

ಹಂತ 2: ಮೊದಲು ಪಿಎಚ್, ಆಮೇಲೆ ಕ್ಲೋರಿನ್

ನೀರು ಹುಳಿಯ ಕಡೆ ಇದೆಯೋ ಕ್ಷಾರದ ಕಡೆ ಇದೆಯೋ ಎಂದು ಹೇಳುವ ಅಳತೆ ಪಿಎಚ್. ಕೊಳಕ್ಕೆ 7.2ರಿಂದ 7.6 ಒಳ್ಳೆಯದು, 7.8ರ ಮೇಲೆ ಹೋಗಬಾರದು.

ಇದಕ್ಕೂ ದುಡ್ಡಿಗೂ ನೇರ ಸಂಬಂಧ ಇದೆ. ಪಿಎಚ್ 7.5 ಇದ್ದಾಗ ನೀವು ಹಾಕಿದ ಕ್ಲೋರಿನ್‌ನಲ್ಲಿ ಸುಮಾರು ಅರ್ಧ ಚುರುಕಾಗಿ ಕೆಲಸ ಮಾಡುತ್ತದೆ. 8ಕ್ಕೆ ಏರಿದರೆ ಕಾಲು ಭಾಗ ಮಾತ್ರ. ಮುಕ್ಕಾಲು ಪಾಲು ನೀರಿನಲ್ಲಿ ಸುಮ್ನೆ ಕೂತಿರುತ್ತದೆ. "ಎಷ್ಟು ಕ್ಲೋರಿನ್ ಹಾಕಿದ್ರೂ ಪಾಚಿ ಹೋಗ್ತಿಲ್ಲ" ಅನ್ನುವವರು ಮೊದಲು ಪಿಎಚ್ ನೋಡಬೇಕು.

ಬೆಳಗ್ಗೆ ಪಂಪ್ ಅರ್ಧ ಗಂಟೆ ಓಡಿದ ಮೇಲೆ, ಮೊಣಕೈ ಮುಳುಗುವಷ್ಟು ಆಳದಿಂದ ನೀರು ತೆಗೆಯಿರಿ. ಮೇಲ್ಪದರದ ನೀರು ಬೇಡ. ಕೊಳವೆಯನ್ನು ಬಿಳಿ ಗೋಡೆ ಅಥವಾ ಬಿಳಿ ಹಾಳೆಯ ಮುಂದೆ ಹಿಡಿದು ಬಣ್ಣ ಹೋಲಿಸಿ. ಹಳದಿಯಾದರೆ ನೀರು ಹುಳಿಯ ಕಡೆ, ಗುಲಾಬಿ ಗಾಢವಾದರೆ ಕ್ಷಾರದ ಕಡೆ. ನೇರಳೆ ಬಣ್ಣ ಬಂತು ಅಂದರೆ ಬೆಚ್ಚಬೇಡಿ. ಕ್ಲೋರಿನ್ ತುಂಬಾ ಜಾಸ್ತಿ ಇದ್ದಾಗ ಈ ಪರೀಕ್ಷೆ ಹಾಗೆ ದಾರಿ ತಪ್ಪಿಸುತ್ತದೆ. ಮರುದಿನ ಮತ್ತೆ ನೋಡಿ.

ಪಿಎಚ್ ಇಳಿಸಲು ಮುರಿಯಾಟಿಕ್ ಆಸಿಡ್, ಅಂದರೆ ಹೈಡ್ರೋಕ್ಲೋರಿಕ್ ಆಸಿಡ್. 150 ಮಿಲಿಲೀಟರಿನಿಂದ ಶುರು ಮಾಡಿ. ಬಕೆಟ್‌ನಲ್ಲಿ ಮುಕ್ಕಾಲು ನೀರು ತುಂಬಿಸಿ, ಅದಕ್ಕೆ ಆಸಿಡ್ ನಿಧಾನವಾಗಿ ಬಿಡಿ. ಆಸಿಡ್‌ಗೆ ನೀರು ಹಾಕಬಾರದು, ಸಿಡಿಯುತ್ತದೆ. ಪಂಪ್ ಓಡುತ್ತಿರುವಾಗ ಆಳದ ಕಡೆ ಸುತ್ತಲೂ ಸುರಿದು, ನಾಲ್ಕು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಒಂದೇ ಸಲಕ್ಕೆ ಸರಿ ಮಾಡುವ ಆತುರ ಬೇಡ.

ಪಿಎಚ್ ಏರಿಸಲು ಬಟ್ಟೆ ಸೋಡಾ ಸಾಕು. ಪಿಎಚ್ ದಿನಕ್ಕೊಂದು ತರ ಜಿಗಿಯುತ್ತಿದ್ದರೆ ನೀರಿನಲ್ಲಿ ಕ್ಷಾರೀಯತೆ ಕಡಿಮೆ ಇದೆ ಎಂದು ಅರ್ಥ. ಕ್ಷಾರೀಯತೆ ಅಂದರೆ ಪಿಎಚ್ ಅನ್ನು ಅಲ್ಲಾಡದಂತೆ ಹಿಡಿದಿಡುವ ಶಕ್ತಿ, ಅದು 80ರಿಂದ 120 ಪಿಪಿಎಂ ಇರಬೇಕು. ಇದಕ್ಕೆ ಅಡುಗೆ ಸೋಡಾ ಹಾಕಬೇಕು. ಸುಮಾರು 370 ಗ್ರಾಂ ಹಾಕಿದರೆ 10 ಪಿಪಿಎಂ ಏರುತ್ತದೆ. ಪೂಲ್ ಅಂಗಡಿಯಲ್ಲಿ "ಆಲ್ಕಲಿನಿಟಿ ಪ್ಲಸ್" ತರಹದ ಹೆಸರಿನಲ್ಲಿ ಮಾರುವುದು ಸಾಮಾನ್ಯವಾಗಿ ಇದೇ ಸೋಡಾ. ಕಿರಾಣಿ ಸಗಟು ಅಂಗಡಿಯಲ್ಲಿ ಚೀಲದ ಲೆಕ್ಕದಲ್ಲಿ ತಂದರೆ ಎಷ್ಟೋ ಅಗ್ಗ.

ಊರಿನ ನೀರಿನ ಗುಣವನ್ನೂ ತಿಳಿದುಕೊಂಡಿರಿ. ಕೋಲಾರ, ಬೆಂಗಳೂರು ಗ್ರಾಮಾಂತರದ ಕಡೆ ಬೋರ್ ನೀರು ಗಡಸು, ಪಿಎಚ್ ಮೇಲಕ್ಕೇ ಎಳೆಯುತ್ತದೆ, ಟೈಲ್ಸ್ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಕರಾವಳಿಯ ಕೆಂಪುಕಲ್ಲಿನ ನೆಲದ ಬಾವಿ ನೀರು ಮೆದು, ಸ್ವಲ್ಪ ಹುಳಿಯ ಕಡೆ, ಕೆಲವು ಕಡೆ ಕಬ್ಬಿಣದ ಅಂಶವೂ ಇರುತ್ತದೆ. ಅಂಥ ನೀರಿಗೆ ಕ್ಲೋರಿನ್ ಬಿದ್ದ ಕೂಡಲೇ ಚಹಾದ ಬಣ್ಣಕ್ಕೆ ತಿರುಗುತ್ತದೆ. ಅದು ಪಾಚಿಯಲ್ಲ, ಕಬ್ಬಿಣದ ತುಕ್ಕು. ಅದನ್ನು ತಳಕ್ಕೆ ಇಳಿಸುವ ದಾರಿ ಹಂತ 6ರಲ್ಲಿದೆ.

ಹಂತ 3: ಯಾವ ಕ್ಲೋರಿನ್, ಎಷ್ಟು

ನೀರಿನಲ್ಲಿ ಕ್ಲೋರಿನ್ ಸದಾ 1ರಿಂದ 3 ಪಿಪಿಎಂ ಇರಬೇಕು. ನೆರೆಯ ಕೇರಳದಲ್ಲಿ 2024 ಮತ್ತು 2025ರಲ್ಲಿ ಮಿದುಳಿಗೆ ತಗಲುವ ಅಮೀಬಾ ಸೋಂಕಿನ ಸುದ್ದಿ ಓದಿರುತ್ತೀರಿ. ಕ್ಲೋರಿನ್ ಇಲ್ಲದ ಬೆಚ್ಚನೆಯ ಸಿಹಿನೀರು ಅದಕ್ಕೆ ಹೇಳಿ ಮಾಡಿಸಿದ ಜಾಗ. ಖರ್ಚು ಉಳಿಸುವ ಹೆಸರಿನಲ್ಲಿ ಇದೊಂದನ್ನು ಮಾತ್ರ ಕಡಿಮೆ ಮಾಡಬೇಡಿ.

ಮಾರುಕಟ್ಟೆಯಲ್ಲಿ ನಾಲ್ಕು ಬಗೆ ಸಿಗುತ್ತದೆ. ಬೆಲೆಯನ್ನು ಕಿಲೋ ಲೆಕ್ಕದಲ್ಲಿ ಹೋಲಿಸಬೇಡಿ, ಒಳಗಿರುವ ಕ್ಲೋರಿನ್ ಲೆಕ್ಕದಲ್ಲಿ ಹೋಲಿಸಿ. ನಮ್ಮ ಕೊಳಕ್ಕೆ 1 ಪಿಪಿಎಂ ಏರಿಸಲು 22 ಗ್ರಾಂ ಶುದ್ಧ ಕ್ಲೋರಿನ್ ಬೇಕು. ಅದಕ್ಕೆ:

- ಲಿಕ್ವಿಡ್ ಕ್ಲೋರಿನ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್, 10 ಶೇಕಡದ್ದು: 220 ಮಿಲಿಲೀಟರ್
- ಬ್ಲೀಚಿಂಗ್ ಪೌಡರ್, ಸುಮಾರು 30 ಶೇಕಡದ್ದು: 75 ಗ್ರಾಂ
- ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳು, 65 ಶೇಕಡದ್ದು: 35 ಗ್ರಾಂ
- ಟಿಸಿಸಿಎ (ಟ್ರೈಕ್ಲೋರೋ ಐಸೋಸಯನ್ಯೂರಿಕ್ ಆಸಿಡ್) ಮಾತ್ರೆ ಅಥವಾ ಪುಡಿ, 90 ಶೇಕಡದ್ದು: 25 ಗ್ರಾಂ

ಪ್ಯಾಕೆಟ್ ಬೆಲೆಯನ್ನು ಈ ಅಳತೆಯಿಂದ ಲೆಕ್ಕ ಹಾಕಿ, ನಿಮ್ಮ ಊರಲ್ಲಿ ಯಾವುದು ಅಗ್ಗ ಎಂದು ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಪೇಟೆಗೆ ಹತ್ತಿರ ಇರುವವರಿಗೆ ಲಿಕ್ವಿಡ್ ಅಗ್ಗವಾಗಬಹುದು. ಆದರೆ ಅದು ಬಿಸಿಲಿಗೆ, ಸೆಕೆಗೆ ಬಲ ಕಳೆದುಕೊಳ್ಳುತ್ತದೆ. ಮೂರು ನಾಲ್ಕು ವಾರಕ್ಕೆ ಆಗುವಷ್ಟೇ ತನ್ನಿ, ನೆರಳಲ್ಲಿಡಿ.

ಬ್ಲೀಚಿಂಗ್ ಪೌಡರ್‌ನಲ್ಲಿ ಸುಣ್ಣ ಬಹಳ. ಮೊದಲ ವರ್ಷ ನಾನು ಪುಡಿಯನ್ನು ನೇರ ಕೊಳಕ್ಕೇ ಎರಚಿದ್ದೆ. ತಳದಲ್ಲಿ ಹಿಟ್ಟು ಚೆಲ್ಲಿದಂತೆ ಬಿಳಿ ಪದರ ಕೂತು, ಗುಡಿಸಿ ತೆಗೆಯಲು ಒಂದು ವಾರ ಬೇಕಾಯಿತು. ಸರಿಯಾದ ಕ್ರಮ ಹೀಗೆ. ಮಧ್ಯಾಹ್ನ 150 ಗ್ರಾಂ ಪುಡಿಯನ್ನು ಹತ್ತು ಲೀಟರ್ ನೀರು ಇರುವ ಬಕೆಟ್‌ಗೆ ಹಾಕಿ ಕೋಲಿನಿಂದ ಕದಡಿ, ನೆರಳಲ್ಲಿ ಬಿಡಿ. ಎರಡು ಮೂರು ಗಂಟೆಯಲ್ಲಿ ಸುಣ್ಣ ಗಟ್ಟಿ ಮೊಸರಿನಂತೆ ತಳ ಸೇರಿ, ಮೇಲೆ ತೆಳು ಹಳದಿ ಹಸಿರು ತಿಳಿ ನಿಲ್ಲುತ್ತದೆ. ಬಕೆಟ್ ಅಲ್ಲಾಡಿಸದೆ ಆ ತಿಳಿಯನ್ನು ಮಾತ್ರ ಸಂಜೆ ಕೊಳಕ್ಕೆ ಬಗ್ಗಿಸಿ. ಗಡಸು ನೀರಿನ ಊರಿನವರು ಬ್ಲೀಚಿಂಗ್ ಪೌಡರ್ ಮತ್ತು ಕ್ಯಾಲ್ಸಿಯಂ ಹರಳನ್ನು ಬಿಟ್ಟುಬಿಡುವುದೇ ಒಳ್ಳೆಯದು, ಇರುವ ಸುಣ್ಣಕ್ಕೆ ಇನ್ನಷ್ಟು ಸುಣ್ಣ ಯಾಕೆ?

ಕ್ಲೋರಿನ್ ಯಾವುದೇ ಇರಲಿ, ಸೂರ್ಯ ಮುಳುಗಿದ ಮೇಲೆ ಹಾಕಿ. ಬೆಳಗ್ಗೆ ಹಾಕಿದ ಕ್ಲೋರಿನ್ ಮಧ್ಯಾಹ್ನದ ಬಿಸಿಲಿಗೆ ಎರಡು ಮೂರು ಗಂಟೆಯಲ್ಲಿ ಹೆಚ್ಚುಕಡಿಮೆ ಹಾರಿಹೋಗುತ್ತದೆ. ಬಿಸಿಲಿನಿಂದ ಕ್ಲೋರಿನ್ ಕಾಯುವ ಒಂದು ವಸ್ತು ಇದೆ, ಸ್ಟೆಬಿಲೈಸರ್, ಅಂದರೆ ಸಯನ್ಯೂರಿಕ್ ಆಸಿಡ್. 30 ಪಿಪಿಎಂ ಇದ್ದರೆ ಸಾಕು. ಇದನ್ನು ಬೇರೆಯಾಗಿ ಕೊಳ್ಳಬೇಕಿಲ್ಲ. ಟಿಸಿಸಿಎ ಮಾತ್ರೆಯ ಒಳಗೇ ಇದೆ. 200 ಗ್ರಾಮಿನ ಒಂದು ಮಾತ್ರೆ ಕರಗಿದರೆ ನಮ್ಮ ಕೊಳಕ್ಕೆ ಸುಮಾರು 5 ಪಿಪಿಎಂ ಸ್ಟೆಬಿಲೈಸರ್ ಸೇರುತ್ತದೆ. ಹಾಗಾಗಿ ಹೊಸ ನೀರು ತುಂಬಿದಾಗ ಮೊದಲ ಕೆಲವು ವಾರ, ತೇಲುವ ಡಬ್ಬಿಯಲ್ಲಿಟ್ಟು ಆರು ಮಾತ್ರೆ ಮುಗಿಸಿ. ಆಮೇಲೆ ಲಿಕ್ವಿಡ್‌ಗೆ ಬನ್ನಿ. ಸ್ಟೆಬಿಲೈಸರ್ ಇರುವ ನೀರಿನಲ್ಲಿ ಕ್ಲೋರಿನ್ 2ರ ಕೆಳಗೆ ಇಳಿಯದಂತೆ ನೋಡಿಕೊಳ್ಳಿ.

ಸುಲಭ ಎಂದು ವರ್ಷಪೂರ್ತಿ ಮಾತ್ರೆಯನ್ನೇ ಹಾಕುವುದು ತುಂಬಾ ಜನ ಮಾಡುವ ತಪ್ಪು. ಸ್ಟೆಬಿಲೈಸರ್ ಹಾರಿಹೋಗುವುದಿಲ್ಲ, ಕೂಡುತ್ತಾ ಹೋಗುತ್ತದೆ. 80, 100 ಪಿಪಿಎಂ ದಾಟಿದರೆ ಕ್ಲೋರಿನ್ನಿನ ಕೈ ಕಟ್ಟಿ ಹಾಕಿದಂತೆ. ಆಗ ಅರ್ಧ ನೀರು ಚೆಲ್ಲುವುದು ಬಿಟ್ಟು ಬೇರೆ ದಾರಿ ಇಲ್ಲ.

ಪ್ರಾಣಕ್ಕೆ ಸಂಬಂಧಿಸಿದ ನಾಲ್ಕು ಮಾತು

ಟಿಸಿಸಿಎ ಮತ್ತು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಒಂದಕ್ಕೊಂದು ತಾಗಿದರೆ ಬೆಂಕಿ ಹತ್ತುತ್ತದೆ, ಸ್ಫೋಟವೂ ಆಗಬಹುದು. ಎರಡಕ್ಕೂ ಒಂದೇ ಚಮಚ ಕೂಡ ಬೇಡ. ಆಸಿಡ್ ಮತ್ತು ಯಾವುದೇ ಕ್ಲೋರಿನ್ ಒಂದೇ ಬಕೆಟ್ ಸೇರಿದರೆ ವಿಷಗಾಳಿ ಏಳುತ್ತದೆ. ಒಂದು ಬೆಳಗ್ಗೆ, ಇನ್ನೊಂದು ಸಂಜೆ ಎಂದು ಇಟ್ಟುಕೊಳ್ಳಿ. ಇವೆಲ್ಲವನ್ನೂ ಬೇರೆ ಬೇರೆ ಮೂಲೆಯಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ, ಹಳೇ ನೀರಿನ ಬಾಟಲಿಗೆ ಸುರಿಯದೆ ಮೂಲ ಡಬ್ಬಿಯಲ್ಲೇ ಇಡಿ. ಪಂಪಿನ ಲೈನಿಗೆ, ಕರೆಂಟ್ ಸೋರಿದರೆ ತಾನೇ ಟ್ರಿಪ್ ಆಗುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸದೆ ಯಾರನ್ನೂ ನೀರಿಗೆ ಇಳಿಸಬೇಡಿ.

ಹಂತ 4: ಪಂಪ್ ಮತ್ತು ಫಿಲ್ಟರ್

ದಿನವಿಡೀ ಪಂಪ್ ಓಡಿಸುವುದು ಬೇಡ. ಒಂದು ಎಚ್‌ಪಿ ಪಂಪ್ ಗಂಟೆಗೆ ಸುಮಾರು ಒಂದು ಯೂನಿಟ್ ತಿನ್ನುತ್ತದೆ. ಪಂಪ್ ಮೇಲಿನ ಫಲಕದಲ್ಲಿ ಗಂಟೆಗೆ ಎಷ್ಟು ಲೀಟರ್ ಎಂದು ಬರೆದಿರುತ್ತದೆ. ಕೊಳದ ಅಷ್ಟೂ ನೀರು ದಿನಕ್ಕೆ ಒಂದರಿಂದ ಎರಡು ಸಲ ಫಿಲ್ಟರ್ ದಾಟಿದರೆ ಸಾಕು. ನಮ್ಮ ಅಳತೆಗೆ ಬೇಸಿಗೆಯಲ್ಲಿ ಬೆಳಗ್ಗೆ ಎರಡು ಗಂಟೆ, ಸಂಜೆ ಕ್ಲೋರಿನ್ ಹಾಕಿದ ಮೇಲೆ ಮೂರು ಗಂಟೆ. ಚಳಿಗಾಲದಲ್ಲಿ ಒಟ್ಟು ಮೂರು ಗಂಟೆ.

ಮರಳಿನ ಫಿಲ್ಟರ್ ಮೇಲೆ ಒತ್ತಡದ ಗಡಿಯಾರ ಇರುತ್ತದೆ. ತೊಳೆದ ದಿನ ಮುಳ್ಳು ಎಲ್ಲಿತ್ತೋ ಅಲ್ಲಿ ಪೆನ್ನಿನಿಂದ ಗುರುತು ಹಾಕಿ. ಅದಕ್ಕಿಂತ 8ರಿಂದ 10 ಪಿಎಸ್ಐ ಮೇಲೇರಿದಾಗ ಬ್ಯಾಕ್‌ವಾಶ್ ಮಾಡಿ, ಅಂದರೆ ನೀರನ್ನು ಉಲ್ಟಾ ಹರಿಸಿ ಮರಳಿನ ಕೊಳೆ ಹೊರಗೆ ಬಿಡಿ. ವಾರಕ್ಕೊಂದು ಸಲ ಎಂದು ಕಣ್ಣು ಮುಚ್ಚಿ ಮಾಡಿದರೆ ನೀರು ದಂಡ. ಫಿಲ್ಟರ್ ವಾಲ್ವಿನ ಹಿಡಿಕೆ ತಿರುಗಿಸುವ ಮೊದಲು ಪಂಪ್ ಆಫ್ ಮಾಡಲೇಬೇಕು, ಇಲ್ಲದಿದ್ದರೆ ಒಳಗಿನ ವಾಷರ್ ಕಿತ್ತುಹೋಗುತ್ತದೆ. ಮರಳು ಬದಲಿಸುವಾಗ ಮನೆ ಕಟ್ಟುವ ಮರಳು ತುಂಬಿಸಬೇಡಿ. ಜರಡಿ ಹಿಡಿದ ಸಿಲಿಕಾ ಮರಳೇ ಬೇಕು.

ಸ್ಕಿಮ್ಮರ್, ಅಂದರೆ ಮೇಲೆ ತೇಲುವ ಕಸ ಎಳೆದುಕೊಳ್ಳುವ ಬಾಯಿ. ಅದರ ಬುಟ್ಟಿಗೆ ಹಳೇ ನೈಲಾನ್ ಸಾಕ್ಸ್ ತೊಡಿಸಿ. ಹೂವಿನ ಪುಡಿ, ಸಣ್ಣ ಹುಳ ಎಲ್ಲ ಅಲ್ಲೇ ನಿಲ್ಲುತ್ತವೆ.

ಹಂತ 5: ದಿನದ ಹದಿನೈದು ನಿಮಿಷ

ಎಲೆ ತೆಗೆಯಿರಿ, ಬುಟ್ಟಿ ಖಾಲಿ ಮಾಡಿ, ಕ್ಲೋರಿನ್ ನೋಡಿ, ಕಡಿಮೆ ಇದ್ದಷ್ಟು ಮಾತ್ರ ಸಂಜೆ ಹಾಕಿ. ಎರಡು ದಿನಕ್ಕೊಮ್ಮೆ ಗೋಡೆ ಉಜ್ಜಿ. ಮೆಟ್ಟಿಲ ಮೂಲೆ, ಏಣಿಯ ಹಿಂಬದಿ, ನೆರಳು ಬೀಳುವ ಗೋಡೆ, ಪಾಚಿ ಶುರುವಾಗುವುದು ಇಲ್ಲೇ. ಕಣ್ಣಿಗೆ ಕಾಣುವ ಮೊದಲೇ ಕೈಗೆ ಗೊತ್ತಾಗುತ್ತದೆ. ನೀರಿನ ಒಳಗೆ ಗೋಡೆ ಸವರಿ ನೋಡಿ. ಬೆಂಡೆಕಾಯಿ ಲೋಳೆಯಂತೆ ಜಾರಿದರೆ ಅವತ್ತೇ ಉಜ್ಜಿ, ಸಂಜೆ ಕ್ಲೋರಿನ್ ಒಂದೂವರೆ ಪಟ್ಟು ಹಾಕಿ. ಲೋಳೆಯ ಹಂತದಲ್ಲಿ ಬ್ರಷ್ ಸಾಕು, ಹಸಿರಾದ ಮೇಲೆ ಸಾವಿರಾರು ರೂಪಾಯಿ.

ಕೊಳದ ಪಕ್ಕ ಒಂದು ನಲ್ಲಿ, ಬಕೆಟ್, ಮಗ್ ಇಡಿ. ಇಳಿಯುವ ಮೊದಲು ಎಲ್ಲರೂ ಮೈ ತೊಳೆಯಲಿ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಇಳಿದರೆ ಒಬ್ಬರ ಎಣ್ಣೆ, ಬೆವರು ಕಳೆಯಲು ಎಷ್ಟೋ ಕ್ಲೋರಿನ್ ವ್ಯರ್ಥ. "ಪೂಲಿನ ನೀರು ಕ್ಲೋರಿನ್ ವಾಸನೆ ಹೊಡೀತಿದೆ, ಜಾಸ್ತಿ ಆಗಿದೆ" ಅನ್ನುತ್ತೇವಲ್ಲ, ನಿಜ ಅದರ ಉಲ್ಟಾ. ಬೆವರು, ಮೂತ್ರದ ಜೊತೆ ಸೇರಿ ಕೆಟ್ಟ ಕ್ಲೋರಿನ್ನಿನ ವಾಸನೆ ಅದು. ಹೊಸ ಕ್ಲೋರಿನ್ ಬೇಕು ಎಂದು ನೀರು ಕೇಳುತ್ತಿದೆ.

ತಳದ ಮಣ್ಣು ತೆಗೆಯಲು ವ್ಯಾಕ್ಯೂಮ್ ಯಂತ್ರ ಇಲ್ಲದಿದ್ದರೂ ನಡೆಯುತ್ತದೆ. ಮಲೆನಾಡಿನವರಿಗೆ ಇಳಿಜಾರೇ ಯಂತ್ರ. ವ್ಯಾಕ್ಯೂಮ್ ತಲೆಯನ್ನು, ಅಂದರೆ ತಳ ಸವರುವ ಅಗಲ ಬಾಯನ್ನು, ಉದ್ದ ಪೈಪಿಗೆ ಸಿಕ್ಕಿಸಿ, ಪೈಪ್ ತುಂಬಾ ನೀರು ತುಂಬಿ, ಇನ್ನೊಂದು ತುದಿಯನ್ನು ಕೊಳಕ್ಕಿಂತ ತಗ್ಗಿಗೆ ಬಿಡಿ. ನೀರು ತಾನೇ ಎಳೆದುಕೊಳ್ಳುತ್ತದೆ. ಬಾಯಿಂದ ಎಳೆಯಬೇಡಿ.

ಬಳಸದ ದಿನ ಟಾರ್ಪಾಲಿನ್ ಮುಚ್ಚಿದರೆ ಎಲೆ, ಬಿಸಿಲು, ನೀರು ಆವಿಯಾಗುವುದು ಮೂರಕ್ಕೂ ತಡೆ. ಆದರೆ ಸಡಿಲ ಟಾರ್ಪಾಲಿನ್ ಮೇಲೆ ಮಗು ಕಾಲಿಟ್ಟರೆ ನೀರಿನ ಒಳಗೇ ಸುತ್ತಿಕೊಳ್ಳುತ್ತದೆ. ಸುತ್ತಲೂ ಬಿಗಿಯಾಗಿ ಕಟ್ಟಲು ಆಗದಿದ್ದರೆ ಮುಚ್ಚಲೇಬೇಡಿ. ನರ್ಸರಿಯಲ್ಲಿ ಬಳಸುವ ನೆರಳು ಪರದೆಯನ್ನು ಎತ್ತರಕ್ಕೆ ಕಟ್ಟಿ.

ಹಂತ 6: ನೀರು ಹಸಿರಾಗಿಯೇ ಬಿಟ್ಟರೆ

ಆಳದ ತುದಿಗೆ ಎರಡು ರೂಪಾಯಿ ನಾಣ್ಯ ಹಾಕಿ. ದಡದಿಂದ ಕಾಣದಿದ್ದರೆ ಯಾರೂ ಇಳಿಯಬಾರದು. ಮುಳುಗಿದವರೂ ಕಾಣುವುದಿಲ್ಲ.

1. ಬಲೆಯಿಂದ ಕಸವೆಲ್ಲ ಎತ್ತಿ. ಎಲೆ ಇರುವ ತನಕ ಕ್ಲೋರಿನ್ ಹಾಕಿದ್ದೆಲ್ಲ ಎಲೆಗೇ.
2. ಪಿಎಚ್ 7.2ರ ಹತ್ತಿರಕ್ಕೆ ಇಳಿಸಿ.
3. ಗೋಡೆ, ತಳ ಎಲ್ಲ ಜೋರಾಗಿ ಉಜ್ಜಿ.
4. ಸಂಜೆ 10 ಪಿಪಿಎಂ ಏರುವಷ್ಟು ಕ್ಲೋರಿನ್ ಹಾಕಿ. ಲಿಕ್ವಿಡ್ ಆದರೆ 2.2 ಲೀಟರ್. ಪಂಪ್ ನಿಲ್ಲಿಸಬೇಡಿ, ಒತ್ತಡ ಏರಿದಾಗೆಲ್ಲ ಬ್ಯಾಕ್‌ವಾಶ್ ಮಾಡಿ.
5. ಮರುದಿನ ಬೆಳಗ್ಗೆ ಅಳೆಯಿರಿ. ಕ್ಲೋರಿನ್ ಸೊನ್ನೆಗೆ ಬಂದಿದ್ದರೆ ಸಂಜೆ ಮತ್ತೆ ಅಷ್ಟೇ ಹಾಕಿ. ಹಸಿರು ಹೋಗಿ ನೀರು ಅಕ್ಕಿ ತೊಳೆದ ಕಲಗಚ್ಚಿನಂತೆ ಬೂದು ಬಿಳಿಯಾದರೆ ಪಾಚಿ ಸತ್ತಿತು ಎಂದು ಅರ್ಥ.
6. ಆ ಮಬ್ಬನ್ನು ಇಳಿಸಲು ಪಟಿಕ, ಅಂಗಡಿಯವರು ಆಲಂ ಅನ್ನುವ ಗಟ್ಟಿ. ಸುಮಾರು 500 ಗ್ರಾಂ ಪುಡಿಯನ್ನು ಬಕೆಟ್‌ನಲ್ಲಿ ಕರಗಿಸಿ ಸುತ್ತಲೂ ಸುರಿದು, ಹತ್ತು ನಿಮಿಷ ಪಂಪ್ ಓಡಿಸಿ ನಿಲ್ಲಿಸಿ. ರಾತ್ರಿಯಿಡೀ ನೀರು ಅಲ್ಲಾಡಬಾರದು. ಬೆಳಗ್ಗೆ ತಳದಲ್ಲಿ ಹತ್ತಿಯಂತೆ ಕೂತಿರುತ್ತದೆ. ಅದನ್ನು ಪೈಪಿನಿಂದ ಹೊರಕ್ಕೇ ಎಳೆಯಿರಿ, ಫಿಲ್ಟರ್ ಮೂಲಕ ಬೇಡ, ಮರಳು ಕಟ್ಟಿಕೊಳ್ಳುತ್ತದೆ. ಪಟಿಕ ಪಿಎಚ್ ಇಳಿಸುತ್ತದೆ, ಆಮೇಲೆ ಮತ್ತೆ ಅಳೆಯಿರಿ.

ಕ್ಲೋರಿನ್ 3ರ ಕೆಳಗೆ ಬಂದು, ನಾಣ್ಯ ಸ್ಪಷ್ಟವಾಗಿ ಕಂಡ ಮೇಲೆ ಈಜಬಹುದು.

ತೋಟದ ಮನೆಗಳಲ್ಲಿ ಅಡಿಕೆಗೆ ಬೋರ್ಡೋ ಹೊಡೆಯಲು ತಂದ ಮೈಲುತುತ್ತ ಇದ್ದೇ ಇರುತ್ತದೆ. "ಒಂದು ಹಿಡಿ ಹಾಕಿ, ಪಾಚಿ ಹೋಗತ್ತೆ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಹಾಕಬೇಡಿ. ಅದರಲ್ಲಿರುವ ತಾಮ್ರಕ್ಕೆ ಪಾಚಿ ಸಾಯುತ್ತದೆ ನಿಜ. ಆದರೆ ರೋಗಾಣು ಕೊಲ್ಲುವ ಕೆಲಸದಲ್ಲಿ ಅದು ಕ್ಲೋರಿನ್‌ಗೆ ಸಮವಲ್ಲ. ಗೋಡೆಗೆ ನೀಲಿ ಹಸಿರು ಕಲೆ ಕೂರುತ್ತದೆ, ಹಿರಿಯರ ನರೆಗೂದಲಿಗೂ ಬಣ್ಣ ಹತ್ತುತ್ತದೆ. ಆ ನೀರು ತೊರೆಗೆ ಹರಿದರೆ ಮೀನು ಸಾಯುತ್ತವೆ.

ಮಳೆಗಾಲಕ್ಕೆ

ಮಲೆನಾಡಿನಲ್ಲಿ ಜೂನ್ ಬಂತೆಂದರೆ ಕೊಳ ಖಾಲಿ ಮಾಡಿಬಿಡೋಣ ಅನಿಸುತ್ತದೆ. ಮಾಡಬೇಡಿ. ನೆಲದ ನೀರು ಮೇಲೆ ಬಂದಾಗ ಖಾಲಿ ಕೊಳವನ್ನು ಕೆಳಗಿನಿಂದ ಒತ್ತುತ್ತದೆ. ಸಿಮೆಂಟ್ ತಳ ಬಿರುಕು ಬಿಡುತ್ತದೆ, ಫೈಬರ್ ಕೊಳವಂತೂ ದೋಣಿಯಂತೆ ಮೇಲೆದ್ದು ಬರಬಹುದು. ನೀರು ತುಂಬಿರಲಿ, ಅಂಗಳದ ಕೆಸರು ನುಗ್ಗದಂತೆ ಸುತ್ತ ಕಾಲುವೆ ತೆಗೆಯಿರಿ, ದಿನಕ್ಕೆ ಒಂದು ಗಂಟೆ ಪಂಪ್ ಓಡಿಸಿ, ಕ್ಲೋರಿನ್ 1ರ ಕೆಳಗೆ ಬಿಡಬೇಡಿ. ಒಂದು ವಾರ, ಹತ್ತು ದಿನ ಕ್ಲೋರಿನ್ ಇಲ್ಲದೆ ನಿಂತ ನೀರಿನಲ್ಲಿ ಸೊಳ್ಳೆ ಮರಿ ರೆಕ್ಕೆ ಕಟ್ಟಿಕೊಂಡು ಹೊರಬರುತ್ತದೆ. ಡೆಂಗಿ ಕಾಲದಲ್ಲಿ ಅದು ಪಕ್ಕದ ಮನೆಯವರಿಗೂ ಕಷ್ಟ.

ಎಂದಾದರೂ ನೀರು ಹೊರಬಿಡಲೇಬೇಕಾದರೆ, ಕ್ಲೋರಿನ್ ಹಾಕುವುದನ್ನು ನಿಲ್ಲಿಸಿ ಎರಡು ಮೂರು ದಿನ ಬಿಸಿಲಿಗೆ ಬಿಡಿ. ಪರೀಕ್ಷೆಯಲ್ಲಿ ಬಣ್ಣವೇ ಬರದಿದ್ದರೆ ತೆಂಗಿನ ಬುಡಕ್ಕೆ ಸ್ವಲ್ಪ ಸ್ವಲ್ಪವಾಗಿ ಹಾಯಿಸಬಹುದು. ಹಳ್ಳಕ್ಕೆ, ಕೆರೆಗೆ ಬಿಡಬೇಡಿ.

ಮಳೆ ಹಿಂದೆ ಸರಿದ ಮೇಲೆ ಕೊಳ ಮತ್ತೆ ತೆರೆಯುವಾಗ ಕ್ಷಾರೀಯತೆಯಿಂದ ಶುರು ಮಾಡಿ. ಮೂರು ತಿಂಗಳ ಮಳೆನೀರು ಅದನ್ನೂ, ಸ್ಟೆಬಿಲೈಸರನ್ನೂ ತೊಳೆದುಹಾಕಿರುತ್ತದೆ. ಅಡುಗೆ ಸೋಡಾ ಹಾಕಿ, ಒಂದು ದಿನ ಬಿಟ್ಟು ಪಿಎಚ್ ನೋಡಿ, ಆಮೇಲೆ ಎರಡು ಮೂರು ಟಿಸಿಸಿಎ ಮಾತ್ರೆ ತೇಲಿಬಿಡಿ.